ಧೈರ್ಯ ಬೇಡ, ಉತ್ತರ ಕೊಡಿ

"ಏನೂ ಆಗುವುದಿಲ್ಲ, ಧೈರ್ಯವಾಗಿರಿ." ಗರ್ಭಕೋಶ ತೆಗೆಸಬೇಕೆಂದು ವೈದ್ಯರ ಬಾಯಿಂದ ಕೇಳಿ ಬಂದ ಹೆಣ್ಣಿಗೆ ನಮ್ಮ ಸಮಾಜ ಕೊಡುವ ಮೊದಲ ಔಷಧ ಇದು, ಬಹಳ ಸಲ ಕೊನೆಯದೂ ಹೌದು. ಗಂಡ ಹೇಳುತ್ತಾನೆ, ಅತ್ತಿಗೆ ಹೇಳುತ್ತಾಳೆ, ನರ್ಸಮ್ಮ ಹೇಳುತ್ತಾಳೆ, ಹತ್ತು ವರ್ಷದ ಹಿಂದೆ ತಾನೂ ತೆಗೆಸಿಕೊಂಡ ಪಕ್ಕದ ಮನೆಯಾಕೆ ಹೇಳುತ್ತಾಳೆ. ಅದರ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ: "ಮಕ್ಕಳಾಯಿತಲ್ಲ, ಇನ್ನು ಅದರಿಂದ ಏನು ಕೆಲಸ?" ಹೇಳಿದವರೆಲ್ಲ ಹಿತೈಷಿಗಳೇ. ಆದರೂ ಈ ಎರಡು ಮಾತುಗಳು ಸೇರಿ ಆಕೆಯ ಬಾಯಿ ಮುಚ್ಚಿಸುತ್ತವೆ ಎಂಬುದು ನನ್ನ ಆಕ್ಷೇಪ. ರಾತ್ರಿ ನಿದ್ದೆ ಬಾರದೆ ಹೊರಳಾಡುವ ಆ ಹೆಣ್ಣಿಗೆ ಬಂದಿರುವುದು ಮನೋದೌರ್ಬಲ್ಯವಲ್ಲ. ಅವಳ ಬಳಿ ಪ್ರಶ್ನೆಗಳಿವೆ. ಯಾರೂ ಉತ್ತರಿಸದ ಪ್ರಶ್ನೆಗಳು ನಡುರಾತ್ರಿಯಲ್ಲಿ ಎದೆಬಡಿತವಾಗುತ್ತವೆ. ಅವಳನ್ನು ಸಂತೈಸುವುದಕ್ಕಿಂತ ಮೊದಲು ಅವಳಿಗೆ ಉತ್ತರ ಕೊಡಿ ಎಂದು ಕೇಳುವುದೇ ಈ ಬರಹದ ಉದ್ದೇಶ.

ಮೊದಲ ಗೊಂದಲ ನಮ್ಮ ಆಡುಮಾತಿನಲ್ಲಿಯೇ ಇದೆ. "ಅವರಿಗೆ ಗರ್ಭಕೋಶ ತೆಗೆದರಂತೆ" ಎಂಬ ಒಂದೇ ವಾಕ್ಯದೊಳಗೆ ನಾವು ಎರಡು ಬೇರೆ ಬೇರೆ ಶಸ್ತ್ರಚಿಕಿತ್ಸೆಗಳನ್ನು ತುಂಬಿಬಿಟ್ಟಿದ್ದೇವೆ. ಗರ್ಭಕೋಶವನ್ನಷ್ಟೇ ತೆಗೆದರೆ ಮುಟ್ಟು ನಿಲ್ಲುತ್ತದೆ, ಇನ್ನು ಬಸಿರಾಗುವುದಿಲ್ಲ. ಆದರೆ ಎರಡೂ ಬದಿಯ ಅಂಡಾಶಯಗಳು ತಮ್ಮ ಕೆಲಸವನ್ನು ಮುಂದುವರಿಸುತ್ತವೆ. ಕೆಲವರಲ್ಲಿ ಅವುಗಳ ಶಕ್ತಿ ತುಸು ಮುಂಚೆ ಕುಂದಬಹುದು, ಅಷ್ಟೆ. ಎರಡೂ ಅಂಡಾಶಯಗಳನ್ನು ತೆಗೆದಾಗ ನಡೆಯುವುದು ಬೇರೆಯೇ. ಈಸ್ಟ್ರೊಜೆನ್ ಹಾರ್ಮೋನಿನ ಮುಖ್ಯ ಸೆಲೆ ಒಂದೇ ದಿನದಲ್ಲಿ ಬತ್ತುತ್ತದೆ. ನಮ್ಮ ದೇಶದ ಹೆಂಗಸರಿಗೆ ಮುಟ್ಟು ಸಹಜವಾಗಿ ನಿಲ್ಲುವುದು ಸರಾಸರಿ 46-47ರ ವಯಸ್ಸಿಗೆ. ಅದೂ ನಾಲ್ಕಾರು ವರ್ಷ ಏರುಪೇರಾಗುತ್ತ, ದೇಹಕ್ಕೆ ಒಗ್ಗಿಕೊಳ್ಳಲು ಸಮಯ ಕೊಡುತ್ತ ನಿಲ್ಲುತ್ತದೆ. ಶಸ್ತ್ರಚಿಕಿತ್ಸೆ ತರುವ ಋತುಬಂಧಕ್ಕೆ ಆ ಇಳಿಜಾರಿಲ್ಲ. ಬೆಳಿಗ್ಗೆ ಮುಟ್ಟಾಗುವ ಹೆಂಗಸಾಗಿ ಒಳಹೋದವಳು ಸಂಜೆ ಮುಟ್ಟು ತೀರಿದವಳಾಗಿ ಹೊರಬರುತ್ತಾಳೆ. ಮೈ ಕಾವೇರುವುದು, ಬೆವರಿನಲ್ಲಿ ತೋಯುವುದು, ನಿದ್ದೆಗೇಡು, ಮರೆವು, ಯೋನಿಯ ಶುಷ್ಕತೆ, ಕಾರಣವಿಲ್ಲದ ಅಳು ಎಲ್ಲವೂ ಸಹಜ ಋತುಬಂಧಕ್ಕಿಂತ ತೀವ್ರವಾಗಿ ಒಟ್ಟಿಗೆ ಬಂದೆರಗಬಹುದು. ಮೂಳೆ ಮತ್ತು ಹೃದಯದ ಮೇಲಿನ ಪರಿಣಾಮ ಸದ್ದಿಲ್ಲದೆ ಆಮೇಲೆ ತಿಳಿಯುತ್ತದೆ.

ಶಸ್ತ್ರಚಿಕಿತ್ಸೆಗೆ ಹೊರಟಿರುವ ನಿಮ್ಮ ಅಕ್ಕನನ್ನೋ ಗೆಳತಿಯನ್ನೋ ಒಮ್ಮೆ ಕೇಳಿ ನೋಡಿ: "ಅಂಡಾಶಯವನ್ನು ಉಳಿಸುತ್ತಾರೋ, ತೆಗೆಯುತ್ತಾರೋ?" ಬಹುತೇಕರು "ಗೊತ್ತಿಲ್ಲ, ಡಾಕ್ಟರ್ ನೋಡಿಕೊಳ್ಳುತ್ತಾರೆ" ಎನ್ನುತ್ತಾರೆ. ಮುಂದಿನ ಮೂವತ್ತು ವರ್ಷಗಳ ದೇಹಸ್ಥಿತಿಯನ್ನು ನಿರ್ಧರಿಸುವ ಪ್ರಶ್ನೆಗೆ ಸಿಗುವ ಉತ್ತರ ಇದು. ಇಂಥ ಉತ್ತರವನ್ನು ಕೈಯಲ್ಲಿಟ್ಟುಕೊಂಡ ಹೆಣ್ಣು ಆತಂಕಪಡದಿದ್ದರೆ ಮಾತ್ರ ನಾವು ಚಿಂತಿಸಬೇಕಿತ್ತು.

ವೈದ್ಯಲೋಕದಲ್ಲಿ ಬಹುಕಾಲ ಚಾಲ್ತಿಯಲ್ಲಿದ್ದ, ಇಂದಿಗೂ ಪೂರ್ತಿ ಅಳಿಯದ ಒಂದು ವಾದವಿದೆ. "ಹೇಗೂ ಹೊಟ್ಟೆ ತೆರೆದಿರುತ್ತೇವೆ, ಅಂಡಾಶಯವನ್ನೂ ತೆಗೆದುಬಿಟ್ಟರೆ ಮುಂದೆ ಕ್ಯಾನ್ಸರಿನ ಕಾಟವಿರುವುದಿಲ್ಲ" ಎಂಬುದು ಆ ವಾದ. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳಬೇಡ ಎನ್ನುತ್ತಾರೆ ನಮ್ಮ ಹಿರಿಯರು. ಇಲ್ಲಿ ನೆಗಡಿ ಬರುವ ಮೊದಲೇ ಕತ್ತಿ ಹಿರಿದಾಗಿದೆ. ಅಮೆರಿಕದ ನರ್ಸುಗಳನ್ನು ದಶಕಗಳ ಕಾಲ ಗಮನಿಸಿದ ಪ್ರಸಿದ್ಧ ಅಧ್ಯಯನದಿಂದ 2009ರಲ್ಲಿ ಪ್ರಕಟವಾದ ಲೆಕ್ಕ ಈ ವಾದದ ಬುಡವನ್ನೇ ಅಲುಗಿಸಿತು. ಕ್ಯಾನ್ಸರೇತರ ಕಾರಣಗಳಿಗೆ ಗರ್ಭಕೋಶ ತೆಗೆಸಿಕೊಂಡ 29,380 ಮಹಿಳೆಯರನ್ನು 24 ವರ್ಷ ಅನುಸರಿಸಿ ನೋಡಿದಾಗ, ಎರಡೂ ಅಂಡಾಶಯ ತೆಗೆಸಿಕೊಂಡವರಲ್ಲಿ ಅಂಡಾಶಯ ಮತ್ತು ಸ್ತನದ ಕ್ಯಾನ್ಸರ್ ಕಡಿಮೆಯಾಗಿತ್ತು, ನಿಜ. ಆದರೆ ಹೃದ್ರೋಗ, ಶ್ವಾಸಕೋಶದ ಕ್ಯಾನ್ಸರ್ ಹಾಗೂ ಎಲ್ಲ ಕಾರಣಗಳ ಒಟ್ಟು ಸಾವು ಹೆಚ್ಚಾಗಿತ್ತು. ಯಾವ ವಯೋಮಾನದಲ್ಲಿಯೂ ಅಂಡಾಶಯ ತೆಗೆಸಿದ್ದರಿಂದ ಆಯುಸ್ಸು ಹೆಚ್ಚಿದ್ದು ಕಾಣಲಿಲ್ಲ. ಇಂಥ ಅಧ್ಯಯನ ಕಾರ್ಯಕಾರಣವನ್ನು ಸಂಶಯಾತೀತವಾಗಿ ಸಿದ್ಧಪಡಿಸದು. ಆದರೆ "ಹೇಗೂ ತೆರೆದಿದ್ದೇವಲ್ಲ" ಎಂಬ ಉಡಾಫೆಗೆ ಇನ್ನು ಜಾಗವಿಲ್ಲ ಎಂಬುದನ್ನಂತೂ ಸಿದ್ಧಪಡಿಸಿತು. ಬಿಆರ್‌ಸಿಎ ವಂಶವಾಹಿಯ ದೋಷವಿರುವವರಿಗೆ, ಅಂಡಾಶಯದಲ್ಲಿಯೇ ರೋಗವಿರುವವರಿಗೆ, ತೀವ್ರ ಎಂಡೊಮೆಟ್ರಿಯೋಸಿಸ್‌ನಿಂದ ನರಳುವ ಕೆಲವರಿಗೆ ತೆಗೆಸುವುದೇ ಸರಿಯಾದೀತು. ಉಳಿದವರಲ್ಲಿ ಗರ್ಭನಾಳಗಳನ್ನಷ್ಟೇ ತೆಗೆದು ಅಂಡಾಶಯವನ್ನು ಉಳಿಸುವ ದಾರಿಯೂ ಇದೆ. ಅಂಡಾಶಯದ್ದೆಂದು ತಿಳಿದಿದ್ದ ಹಲವು ಕ್ಯಾನ್ಸರುಗಳು ಹುಟ್ಟುವುದು ನಾಳದಲ್ಲಿ ಎಂಬುದು ಈಗ ತಿಳಿದಿದೆ. ಇವುಗಳಲ್ಲಿ ತನಗೆ ಯಾವುದು ಎಂದು ಕೇಳುವುದು ಭಯಸ್ಥೆಯ ಲಕ್ಷಣವಲ್ಲ, ಬುದ್ಧಿವಂತೆಯ ಲಕ್ಷಣ.

ಹೆಣ್ಣಿನ ಆತಂಕವನ್ನು ಅವಳ ಹೊಟ್ಟೆಯೊಳಗಿನ ಅಂಗಕ್ಕೆ ಗಂಟುಹಾಕಿದ ಇತಿಹಾಸ ದೊಡ್ಡದು. 'ಹಿಸ್ಟೀರಿಯಾ' ಎಂಬ ಪದ ಹುಟ್ಟಿದ್ದೇ ಗರ್ಭಕೋಶಕ್ಕೆ ಗ್ರೀಕರು ಹೇಳುತ್ತಿದ್ದ ಮಾತಿನಿಂದ. 1872ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ರಾಬರ್ಟ್ ಬ್ಯಾಟಿ ಎಂಬ ಶಸ್ತ್ರವೈದ್ಯ ರೋಗವೇ ಇಲ್ಲದ ಅಂಡಾಶಯಗಳನ್ನು ತೆಗೆಯುವ ಪದ್ಧತಿ ಆರಂಭಿಸಿದ. ಮುಟ್ಟಿನ ನೋವಿನ ಜೊತೆಗೆ ಹೆಂಗಸರ 'ನರದೌರ್ಬಲ್ಯ', 'ಉನ್ಮಾದ'ಗಳಿಗೂ ಅದೇ ಮದ್ದೆಂದು ಅವನ ಹೆಸರಿನ ಶಸ್ತ್ರಚಿಕಿತ್ಸೆ ಎರಡು ಮೂರು ದಶಕ ಮೆರೆಯಿತು. ಅಂದು ಆತಂಕ ಹೋಗಲೆಂದು ಅಂಗ ತೆಗೆದರು. ಇಂದು ಅಂಗ ಹೋಗುವ ಆತಂಕವನ್ನು ಅವಳ ಸ್ವಭಾವವೆನ್ನುತ್ತಾರೆ. ಎರಡು ಕಾಲದಲ್ಲಿಯೂ ಅವಳ ಮಾತನ್ನು ಮಾತೆಂದು ಕೇಳಿಸಿಕೊಂಡವರು ಕಡಿಮೆ. ಮೇಯೊ ಕ್ಲಿನಿಕ್‌ನ ಸಂಶೋಧಕರು 2008ರಲ್ಲಿ ಪ್ರಕಟಿಸಿದ ದೀರ್ಘಾವಧಿಯ ಅಧ್ಯಯನ ಋತುಬಂಧಕ್ಕೆ ಮುಂಚೆಯೇ ಎರಡೂ ಅಂಡಾಶಯ ಕಳೆದುಕೊಂಡವರಲ್ಲಿ ಖಿನ್ನತೆ, ಆತಂಕಗಳ ಲಕ್ಷಣ ಮುಂದೆ ಹೆಚ್ಚಾಗಿ ಕಾಣಿಸುತ್ತವೆಂದು ತೋರಿಸಿತು. ಅಂದರೆ ಆಮೇಲೆ ಬರುವ ಆ ಕಳವಳಕ್ಕೆ ದೈಹಿಕ ಕಾರಣವಿರಬಹುದು, ಚಿಕಿತ್ಸೆಯೂ ಇದೆ. "ಮನಸ್ಸು ಗಟ್ಟಿ ಮಾಡಿಕೋ" ಎನ್ನುವವರು ಮೂಳೆ ಮುರಿದವನಿಗೆ ಹೀಗೆ ಹೇಳುವುದಿಲ್ಲ.

ಒಪ್ಪಿಗೆಯ ಪ್ರಶ್ನೆಗೆ ಬರೋಣ. ಕಾನೂನು ಓದಿದವರಿಗೆ ಸಮೀರಾ ಕೊಹ್ಲಿ ಪ್ರಕರಣ ಪರಿಚಿತ. 1995ರಲ್ಲಿ ದೆಹಲಿಯ 44 ವರ್ಷದ ಅವಿವಾಹಿತ ಮಹಿಳೆಯೊಬ್ಬರು ನಿಲ್ಲದ ರಕ್ತಸ್ರಾವಕ್ಕೆ ಕಾರಣ ತಿಳಿಯಲೆಂದು ಲ್ಯಾಪರೊಸ್ಕೋಪಿ ಪರೀಕ್ಷೆಗೆ ಒಪ್ಪಿ ಸಹಿ ಹಾಕಿದರು. ಅವರು ಅರಿವಳಿಕೆಯಲ್ಲಿದ್ದಾಗ ಹೊರಗೆ ಕುಳಿತಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯ, ಗರ್ಭನಾಳ ಮೂರನ್ನೂ ತೆಗೆಯಲಾಯಿತು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ 2008ರ ಜನವರಿಯಲ್ಲಿ ತೀರ್ಪು ಬಂತು: ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಶಸ್ತ್ರಚಿಕಿತ್ಸೆಗೆ ಕೊಟ್ಟ ಒಪ್ಪಿಗೆಯಲ್ಲ, ಪ್ರಾಣಾಪಾಯದ ತುರ್ತಿಲ್ಲದಾಗ, ಪ್ರಜ್ಞೆ ಮರಳಿದರೆ ತಾನೇ ನಿರ್ಧರಿಸಬಲ್ಲ ಪ್ರಾಪ್ತ ವಯಸ್ಕಳ ಪರವಾಗಿ ತಾಯಿಯೂ ಒಪ್ಪಿಗೆ ಕೊಡಲಾಗದು. ವೈದ್ಯರ ಶುಲ್ಕ ಸಲ್ಲದು ಎಂದ ನ್ಯಾಯಾಲಯ 25,000 ರೂಪಾಯಿ ಪರಿಹಾರ ಕೊಡಿಸಿತು. ಹದಿಮೂರು ವರ್ಷಗಳ ಹೋರಾಟಕ್ಕೆ ಸಿಕ್ಕ ಮೊತ್ತ ಅಷ್ಟು.

ಈ ತೀರ್ಪನ್ನು ಹೊಗಳುವವರು ಅದರ ಇನ್ನೊಂದು ಭಾಗವನ್ನು ಮರೆಯುತ್ತಾರೆ. ರೋಗಿಗೆ ಎಷ್ಟು ವಿವರ ಹೇಳಬೇಕೆಂಬುದನ್ನು ನ್ಯಾಯಾಲಯ ರೋಗಿಯ ಅಗತ್ಯದಿಂದ ಅಳೆಯಲಿಲ್ಲ. ವೈದ್ಯವೃತ್ತಿಯಲ್ಲಿ ಒಪ್ಪಿತವಾದ ರೂಢಿಯಿಂದ ಅಳೆಯಿತು. ನಮ್ಮ ದೇಶದ ಬಡತನ, ಅನಕ್ಷರತೆಗಳನ್ನು ಅದಕ್ಕೆ ಕಾರಣವಾಗಿ ನೀಡಿತು. ಹೇಳದಿರುವುದೇ ರೂಢಿಯಾಗಿರುವ ಕಡೆ ಈ ಅಳತೆಗೋಲು ಯಾರ ಕೈಯಲ್ಲಿರುತ್ತದೆ? ಓದು ಬಾರದವಳಿಗೆ ಹೆಚ್ಚು ಹೇಳಬೇಕೇ ಹೊರತು ಕಡಿಮೆಯಲ್ಲ. ರೂಢಿ ಬದಲಾಗಬೇಕಾದರೆ ಕೇಳುವವರು ಹೆಚ್ಚಬೇಕು. ಕೇಳುವವಳಿಗೆ "ಅಷ್ಟು ಯೋಚನೆ ಮಾಡಬೇಡಿ" ಎನ್ನುವವರು ಕಡಿಮೆಯಾಗಬೇಕು.

ಇದೇ ಮಾತಿಗೆ ಇನ್ನೊಂದು ಮುಖವಿದೆ. ನಗರದ ಮಧ್ಯಮ ವರ್ಗದ ಹೆಣ್ಣಿನ ಭಯವನ್ನು ಮುಚ್ಚುವ ವ್ಯವಸ್ಥೆಯೇ ಹಳ್ಳಿಯ ಬಡವಿಯಲ್ಲಿ ಭಯವನ್ನು ಬಿತ್ತುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 2015-16ರಲ್ಲಿ ಮೊದಲ ಬಾರಿಗೆ ಈ ಬಗ್ಗೆ ಕೇಳಿದಾಗ 15ರಿಂದ 49 ವಯಸ್ಸಿನವರಲ್ಲಿ ನೂರಕ್ಕೆ ಮೂವರಿಗೂ ಮಿಗಿಲಾಗಿ ಗರ್ಭಕೋಶ ತೆಗೆಸಿಕೊಂಡಿದ್ದರು. ಆಂಧ್ರ, ತೆಲಂಗಾಣಗಳಲ್ಲಿ ಆ ಪ್ರಮಾಣ ಎಂಟರ ಆಸುಪಾಸಿನಲ್ಲಿತ್ತು. ಮೂರನೆಯ ಎರಡು ಪಾಲು ಶಸ್ತ್ರಚಿಕಿತ್ಸೆಗಳು ನಡೆದದ್ದು ಖಾಸಗಿ ಆಸ್ಪತ್ರೆಗಳಲ್ಲಿ. ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಣ್ಣುಮಕ್ಕಳ ಸಂಗತಿ 2019ರಲ್ಲಿ ದೊಡ್ಡ ಸುದ್ದಿಯಾಯಿತು. ಸರ್ಕಾರಿ ಸಮಿತಿಯ ಮುಂದೆ ಬಂದ ಲೆಕ್ಕದಲ್ಲಿ ಸುಮಾರು 82 ಸಾವಿರ ಮಹಿಳೆಯರ ಪೈಕಿ 13 ಸಾವಿರಕ್ಕೂ ಹೆಚ್ಚು ಮಂದಿ, ಎಂದರೆ ಆರರಲ್ಲಿ ಒಬ್ಬಾಕೆ, ಗರ್ಭಕೋಶ ಕಳೆದುಕೊಂಡಿದ್ದರು. ಅಲ್ಲಿ ಗಂಡ ಹೆಂಡತಿ ಸೇರಿ ಒಂದು 'ಕೊಯ್ತಾ', ಒಂದು ಕುಡುಗೋಲಿನ ಲೆಕ್ಕ. ಒಂದು ದಿನ ತಪ್ಪಿದರೆ ದಂಡ. ಕಬ್ಬಿನ ಗದ್ದೆಯಲ್ಲಿ ಶೌಚಾಲಯವಿಲ್ಲ, ನೀರಿಲ್ಲ, ಮುಟ್ಟಿನ ದಿನಕ್ಕೆ ರಜೆಯಿಲ್ಲ. ಬಿಳಿ ಸೆರಗು, ಹೊಟ್ಟೆನೋವು ಎಂದು ಹೋದವಳಿಗೆ "ಬಿಟ್ಟರೆ ಕ್ಯಾನ್ಸರ್ ಆಗುತ್ತದೆ" ಎಂಬ ಒಂದು ಮಾತು ಸಾಕಾಗುತ್ತದೆ. ಇದು ಪರರಾಜ್ಯದ ಕಥೆಯೆಂದು ಕನ್ನಡಿಗರು ನಿಟ್ಟುಸಿರು ಬಿಡುವಂತಿಲ್ಲ. ಆ ಟೋಳಿಗಳು ಪ್ರತಿ ಹಂಗಾಮಿಗೆ ಬೆಳಗಾವಿ ಸೀಮೆಯ ಕಾರ್ಖಾನೆಗಳಿಗೂ ಬರುತ್ತವೆ. ನಮ್ಮ ಬೀರೂರಿನಿಂದಲೂ, ಕಲಬುರಗಿಯ ತಾಂಡಾಗಳ ಲಂಬಾಣಿ ಹಾಗೂ ದಲಿತ ಹೆಣ್ಣುಮಕ್ಕಳಿಂದಲೂ ಇಂಥವೇ ದೂರುಗಳು ಬಂದಿವೆ.

ಅನಗತ್ಯವಾಗಿ ಗರ್ಭಕೋಶ ತೆಗೆಯುವುದರ ವಿರುದ್ಧ ಸಲ್ಲಿಕೆಯಾಗಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು 2023ರ ಏಪ್ರಿಲಿನಲ್ಲಿ ಆದೇಶ ನೀಡಿ, ಕೇಂದ್ರ ಆರೋಗ್ಯ ಸಚಿವಾಲಯದ 2022ರ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಜಾರಿಗೆ ತರಬೇಕೆಂದು ರಾಜ್ಯಗಳಿಗೆ ಹೇಳಿತು. ಒಳ್ಳೆಯದು. ಆದರೆ ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಹೆಣ್ಣಿನ ಭಯ ಪ್ರಶ್ನೆ ಕೇಳಿದಾಗ ಅದನ್ನು ಅಡಗಿಸುತ್ತಾರೆ. ಅದೇ ಭಯ ಸಹಿ ಹಾಕಿಸಬಲ್ಲದಾದರೆ ಅದನ್ನು ಬೆಳೆಸುತ್ತಾರೆ. ಎರಡು ಕಡೆಯೂ ಅವಳಿಗೆ ಸಿಗದೆ ಉಳಿಯುವುದು ಮಾಹಿತಿ.

ಇಷ್ಟು ಓದಿದವರು ನಾನು ಶಸ್ತ್ರಚಿಕಿತ್ಸೆಯ ವಿರೋಧಿಯೆಂದು ತಿಳಿದರೆ ತಪ್ಪು. ಎದುರು ಪಾಳೆಯದ ಉಪದೇಶಕರ ಮೇಲೂ ನನಗೆ ಅಷ್ಟೇ ಸಿಟ್ಟಿದೆ. "ಗರ್ಭಕೋಶ ಹೋದರೆ ಹೆಣ್ತನವೇ ಹೋದಂತೆ", "ಒಳಗೆ ಟೊಳ್ಳಾಗುತ್ತದೆ", "ಗಂಡ ದೂರವಾಗುತ್ತಾನೆ", "ಈ ಕಷಾಯ ಕುಡಿಯಿರಿ, ಗಡ್ಡೆ ಕರಗುತ್ತದೆ" ಎನ್ನುವ ವಾಟ್ಸಾಪ್ ವೈದ್ಯರಿಂದಾಗಿ ಹಿಮೋಗ್ಲೋಬಿನ್ ಆರಕ್ಕೆ ಇಳಿಯುವವರೆಗೂ ರಕ್ತ ಸುರಿಸುತ್ತ ಕುಳಿತ ಹೆಂಗಸರಿದ್ದಾರೆ. ದೇವರಿರುವ ಜಾಗವನ್ನು ಗರ್ಭಗುಡಿಯೆಂದು ಕರೆದ ಭಾಷೆ ನಮ್ಮದು. ಆ ಹೆಸರಿನ ಹೊಗಳಿಕೆಯಿಂದ ನಿಜವಾದ ಗರ್ಭವುಳ್ಳವಳಿಗೆ ಇಷ್ಟು ದಿನ ಆದ ಲಾಭ ಮುಟ್ಟಿನ ದಿನ ಹೊರಗೆ ನಿಲ್ಲುವುದೊಂದೇ. ಗರ್ಭಕೋಶದ ಕ್ಯಾನ್ಸರಿಗೆ, ಬೇರೆ ಯಾವುದಕ್ಕೂ ಬಗ್ಗದ ರಕ್ತಸ್ರಾವಕ್ಕೆ ಶಸ್ತ್ರಚಿಕಿತ್ಸೆ ಜೀವ ಉಳಿಸುತ್ತದೆ, ಬದುಕನ್ನು ಹಗುರಾಗಿಸುತ್ತದೆ. ವರ್ಷಗಟ್ಟಲೆ ಕಲೆಯ ಹೆದರಿಕೆಯಿಂದ ಬಿಳಿ ಸೀರೆ ಉಡದವಳು, ಲೋಕಲ್ ಟ್ರೇನಿನಲ್ಲಿ ಸೀಟು ಸಿಕ್ಕರೂ ಕೂರಲು ಅಂಜುತ್ತಿದ್ದವಳು ಆಮೇಲೆ ನೆಮ್ಮದಿಯ ಉಸಿರು ಬಿಟ್ಟದ್ದನ್ನು ನಾವೆಲ್ಲ ಕಂಡಿದ್ದೇವೆ. ಅವಳಿಗೆ ಹೆಣ್ತನದ ಪಾಠ ಹೇಳುವುದೂ ಬಾಯಿ ಮುಚ್ಚಿಸುವ ಇನ್ನೊಂದು ವಿಧಾನ.

ಶಸ್ತ್ರಚಿಕಿತ್ಸೆಯ ನಂತರದ ಮೌನವಂತೂ ಇನ್ನೂ ಗಾಢ. ಹೊಲಿಗೆ ಬಿಚ್ಚಿದ ಮೇಲೆ ಕುಟುಂಬದ ಪಾಲಿಗೆ ಕಥೆ ಮುಗಿಯುತ್ತದೆ. ಅಂಡಾಶಯವನ್ನೂ ಕಳೆದುಕೊಂಡವಳ ಪಾಲಿಗೆ ಅದು ಆರಂಭವಾಗುವುದೇ ಆಗ. ಹಾರ್ಮೋನು ಎಂದರೆ ಕ್ಯಾನ್ಸರ್ ಎಂಬ ನಂಬಿಕೆ 2002ರಲ್ಲಿ ಅಮೆರಿಕದ ಒಂದು ಬೃಹತ್ ಪ್ರಯೋಗ ಅರ್ಧಕ್ಕೆ ನಿಂತ ಸುದ್ದಿಯಿಂದ ಜಗತ್ತಿಗೆ ಹಬ್ಬಿತು. ಆ ಸುದ್ದಿ ಈಸ್ಟ್ರೊಜೆನ್ ಮತ್ತು ಪ್ರೊಜೆಸ್ಟಿನ್ ಎರಡನ್ನೂ ಸೇರಿಸಿ ಕೊಟ್ಟವರದು. ಅವರ ಸರಾಸರಿ ವಯಸ್ಸು ಅರವತ್ತು ದಾಟಿತ್ತು. ಗರ್ಭಕೋಶವಿಲ್ಲದವಳಿಗೆ ಸಾಮಾನ್ಯವಾಗಿ ಈಸ್ಟ್ರೊಜೆನ್ ಒಂದೇ ಸಾಕು. ಅದೇ ಪ್ರಯೋಗದಲ್ಲಿ ಈಸ್ಟ್ರೊಜೆನ್ ಮಾತ್ರ ಪಡೆದ ಗುಂಪಿನ ಫಲಿತಾಂಶ 2004ರಲ್ಲಿ ಬಂದಾಗ, ಪಾರ್ಶ್ವವಾಯುವಿನ ಅಪಾಯ ಹೆಚ್ಚಿದ್ದು ಕಂಡರೂ ಸ್ತನ ಕ್ಯಾನ್ಸರ್ ಹೆಚ್ಚಲಿಲ್ಲ. ಮೊದಲ ಸುದ್ದಿ ಮನೆಮನೆ ತಲುಪಿತು, ಎರಡನೆಯದು ತಲುಪಲಿಲ್ಲ. 45ಕ್ಕೆ ಮುಂಚೆಯೇ ಅಂಡಾಶಯ ಕಳೆದುಕೊಂಡವರಿಗೆ, ಸ್ತನ ಕ್ಯಾನ್ಸರ್, ರಕ್ತ ಹೆಪ್ಪುಗಟ್ಟುವಿಕೆಯಂಥ ಅಡ್ಡಿಗಳಿಲ್ಲದಿದ್ದರೆ, ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗಾದರೂ ಹಾರ್ಮೋನು ಕೊಡಬೇಕೆಂಬುದು ಇಂದಿನ ವೈದ್ಯಕೀಯ ಮಾರ್ಗಸೂಚಿಗಳ ಸಾಮಾನ್ಯ ಅಭಿಪ್ರಾಯ. ಹಾರ್ಮೋನು ಒಗ್ಗದವರಿಗೆ ಬೇರೆ ಮಾತ್ರೆಗಳಿವೆ, ಯೋನಿಗೆ ಹಚ್ಚುವ ಮುಲಾಮುಗಳಿವೆ. ಕಾವೇರುವಿಕೆಯ ಹಿಂಸೆ, ನಿದ್ದೆಗೇಡುಗಳಿಗೆ ಆಪ್ತಸಮಾಲೋಚಕರು ಕಲಿಸುವ ಅರಿವು-ವರ್ತನೆ ಚಿಕಿತ್ಸೆಯಿಂದಲೂ ಉಪಯೋಗವಾಗುತ್ತದೆ. ಇವೆಲ್ಲ ಇವೆಯೆಂದು ಡಿಸ್ಚಾರ್ಜ್ ದಿನ ಯಾರಾದರೂ ಹೇಳಿದ್ದರೆ, ಎಷ್ಟೋ ಹೆಂಗಸರು ತಮಗೆ ಹುಚ್ಚು ಹಿಡಿಯುತ್ತಿದೆಯೆಂದು ಒಳಗೊಳಗೇ ಕೊರಗುವುದು ತಪ್ಪುತ್ತಿತ್ತು.

ಕೊನೆಗೆ, ಹೊರನಾಡಿನ ನಮ್ಮ ಪಾಲಿನ ಮಾತು. ಬೀದರ, ರಾಯಚೂರಿನಿಂದ ಹೈದರಾಬಾದಿಗೆ, ಕಲಬುರಗಿ, ವಿಜಯಪುರದಿಂದ ಸೊಲ್ಲಾಪುರಕ್ಕೆ ಚಿಕಿತ್ಸೆಗೆ ಬರುವವರು ಎಷ್ಟೋ ಮಂದಿ. ಮುಂಬಯಿ, ಪುಣೆಗಳಲ್ಲಿ ನೆಲೆಸಿದ ಮಗನ ಮನೆಗೆ ಆಪರೇಷನ್ನಿಗೆಂದೇ ಬರುವ ತಾಯಂದಿರಿದ್ದಾರೆ. ಆ ತಾಯಿಗೂ ವೈದ್ಯರಿಗೂ ನಡುವೆ ದುಭಾಷಿಯಾಗಿ ನಿಲ್ಲುವವನು ಮಗ. ಬಿಳಿ ಸೆರಗಿನ ಮಾತನ್ನು, ಹೆಪ್ಪುಹೆಪ್ಪಾಗಿ ಹೋಗುವ ರಕ್ತದ ಮಾತನ್ನು, ಗಂಡನ ಜೊತೆ ಮಲಗುವಾಗಿನ ನೋವಿನ ಮಾತನ್ನು ಅವಳು ಮಗನ ಬಾಯಿಂದ ಹೇಗೆ ಹೇಳಿಸಿಯಾಳು? ಅವಳು ನುಂಗಿಕೊಂಡದ್ದು ಕೇಸ್ ಪೇಪರಿನಲ್ಲಿ ಬರುವುದಿಲ್ಲ. ಅವಳು ಹೇಳಿದ 'ತಳಮಳ', 'ಸಂಕಟ', 'ಕಸಿವಿಸಿ' ಮೂರೂ ಹಿಂದಿಗೆ ಹೋಗುವಾಗ 'ಘಬರಾಹಟ್' ಎಂಬ ಒಂದೇ ಪದವಾಗುತ್ತವೆ. ಇಂಗ್ಲಿಷಿನ ಒಪ್ಪಿಗೆ ಪತ್ರದ ಕೆಳಗೆ ಹೆಬ್ಬೆಟ್ಟು ಬೀಳುತ್ತದೆ. ಕನ್ನಡದಲ್ಲಿ ಇದನ್ನೆಲ್ಲ ಹೇಳಲು ಪದವಿಲ್ಲವೆಂಬ ನೆಪ ಬೇಡ. ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಅನುಪಮಾ ನಿರಂಜನ ಅವರು 'ಕೇಳು ಕಿಶೋರಿ', 'ತಾಯಿ-ಮಗು', 'ದಾಂಪತ್ಯ ದೀಪಿಕೆ'ಗಳಲ್ಲಿ ಹೆಣ್ಣಿನ ದೇಹದ ಬಗ್ಗೆ ನಾಚಿಕೆಯಿಲ್ಲದೆ, ಅಶ್ಲೀಲವೂ ಇಲ್ಲದೆ ಬರೆದು ದಶಕಗಳೇ ಕಳೆದಿವೆ. ಭಾಷೆ ಸಿದ್ಧವಾಗಿಯೇ ಇತ್ತು. ಬಳಸಲು ಹಿಂಜರಿದವರು ನಾವು.

ನಮ್ಮ ಸಂಘಗಳು ರಾಜ್ಯೋತ್ಸವದ ಹಾರ ತುರಾಯಿಗೆ ಖರ್ಚು ಮಾಡುವುದರಲ್ಲಿ ಒಂದು ಪಾಲನ್ನು ಒಂದು ಹಾಳೆಯ ಅಚ್ಚಿಗೆ ಇಡಲಿ. ಆ ಹಾಳೆಯಲ್ಲಿ ಕನ್ನಡದಲ್ಲಿಯೂ ಆಯಾ ಊರಿನ ಭಾಷೆಯಲ್ಲಿಯೂ ಅಕ್ಕಪಕ್ಕದಲ್ಲಿ ಈ ಪ್ರಶ್ನೆಗಳಿರಲಿ. ನನ್ನ ಕಾಯಿಲೆಯ ಹೆಸರೇನು, ಕ್ಯಾನ್ಸರ್ ಎನ್ನಲು ಪರೀಕ್ಷೆಯ ಆಧಾರವಿದೆಯೇ? ಮಾತ್ರೆ, ಹಾರ್ಮೋನಿರುವ ಗರ್ಭಕೋಶದೊಳಗಿನ ಸಾಧನ, ಗಡ್ಡೆಯನ್ನಷ್ಟೇ ತೆಗೆಯುವ ಶಸ್ತ್ರಚಿಕಿತ್ಸೆ, ಇವುಗಳಲ್ಲಿ ಯಾವುದೂ ನನಗೆ ಸಲ್ಲದು ಏಕೆ? ಮುಟ್ಟು ನಿಂತ ಮೇಲೆ ತಾನಾಗಿ ಕುಗ್ಗುವ ಗಡ್ಡೆಯಾದರೆ ಕಾಯಬಹುದೇ? ಅಂಡಾಶಯಗಳನ್ನು ಉಳಿಸುತ್ತೀರೋ ಇಲ್ಲವೋ, ತೆಗೆಯುವುದಾದರೆ ಕಾರಣವೇನು? ತೆಗೆದ ಮೇಲೆ ಹಾರ್ಮೋನು, ಮೂಳೆ, ನಿದ್ದೆ, ದಾಂಪತ್ಯಗಳ ಬಗ್ಗೆ ನಿಮ್ಮ ಯೋಜನೆಯೇನು? ನನ್ನ ಪತ್ರಗಳನ್ನು ಇನ್ನೊಬ್ಬ ವೈದ್ಯರಿಗೆ ತೋರಿಸಲೇ? ಒಪ್ಪಿಗೆ ಪತ್ರದಲ್ಲಿ ಅಂಡಾಶಯಕ್ಕೆ ಪ್ರತ್ಯೇಕ ಸಾಲು, ಪ್ರತ್ಯೇಕ ಸಹಿ ಇರಬೇಕೆಂದು ಒತ್ತಾಯಿಸೋಣ. ಮಗನ ಬದಲು ಬಳಗದ ಒಬ್ಬಾಕೆ ಜೊತೆಗೆ ಹೋಗಿ ಮಾತು ದಾಟಿಸಲಿ. ಕವಿಗೋಷ್ಠಿಗೆ ಜನ ಸೇರಿಸಬಲ್ಲ ನಮಗೆ ಇಷ್ಟು ಅಸಾಧ್ಯವಲ್ಲ.

ಎಲ್ಲ ಉತ್ತರ ಸಿಕ್ಕ ಮೇಲೂ ಅವಳಿಗೆ ಭಯವಾಗಬಹುದು. ಮೈ ಮೇಲೆ ಕತ್ತಿ ಬೀಳುವಾಗ ಭಯವಾಗುವುದು ಮನುಷ್ಯ ಸಹಜ. ಆದರೆ ತಿಳಿದು ಪಡುವ ಭಯಕ್ಕೂ ಕತ್ತಲೆಯಲ್ಲಿ ಪಡುವ ಭಯಕ್ಕೂ ಅಂತರವಿದೆ: ಮೊದಲನೆಯದರೊಂದಿಗೆ ಹೆಣ್ಣು ತೀರ್ಮಾನ ಮಾಡಬಲ್ಲಳು, ಎರಡನೆಯದರೊಂದಿಗೆ ಸಹಿ ಮಾತ್ರ ಮಾಡಬಲ್ಲಳು. ಮುಂದಿನ ಸಲ ಯಾರಾದರೂ ತಗ್ಗಿದ ದನಿಯಲ್ಲಿ "ನನಗೆ ತೆಗೆಸಬೇಕಂತೆ" ಎಂದಾಗ, ನಾಲಿಗೆಯ ತುದಿಗೆ ಬಂದ ಧೈರ್ಯದ ಮಾತನ್ನು ತಡೆದು, "ಏನೇನು ತೆಗೆಯುತ್ತಾರಂತೆ, ಏಕಂತೆ?" ಎಂದು ಕೇಳಿ. ಅವಳಿಗೆ ಗೊತ್ತಿಲ್ಲದಿದ್ದರೆ, ತಿಳಿಯುವವರೆಗೆ ಸಹಿ ಬೇಡವೆನ್ನಿ.